ಕಹಳೆಗೆ ಕಟ್ಟಿದ ಕೆಂಪು ದಾರ

ಮೊನ್ನೆ ಕತಾರಿನ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲಾಟಿನ ಏಸಿ ಕೆಟ್ಟಿತು. ರಿಪೇರಿಗೆ ಬಂದಾತ ಅದರ ಬೋರ್ಡು ಬಿಚ್ಚಿ, ಊಟದ ಮೇಜಿನ ಮೇಲೆ ಹಳೆ ಪೇಪರು ಹಾಸಿ ಇಟ್ಟುಕೊಂಡು ಬೆಸುಗೆ ಹಾಕತೊಡಗಿದ. ಸಣ್ಣಗೆ ಹೊಗೆ ಎದ್ದಿತು. ರಾಳ ಸುಟ್ಟ ವಾಸನೆ. ಇಗರ್ಜಿಯ ಧೂಪಕ್ಕೂ ಆಸ್ಪತ್ರೆಯ ಕಾರಿಡಾರಿಗೂ ನಡುವಿನದ್ದು. ಹೆಂಡತಿ ಜೆಸಿಂತಾ ಹೋಗಿ ಕಿಟಕಿ ತೆರೆದಳು. ನಾನು ಎದ್ದು ಹೋಗಿ ಮುಚ್ಚಿದೆ.

“ಎಂತ ಆಯ್ತು ನಿಮಗೆ? ಸೊಳ್ಳೆಬತ್ತಿ ಹಚ್ಚಿದರೆ ಶ್ವಾಸಕೋಶ ಹೋಯ್ತು ಅಂತ ಬೊಬ್ಬೆ ಹೊಡೆಯುವ ಜನ!”

“ಬಿಸಿಗಾಳಿ ಬರ್ತದೆ,” ಎಂದೆ.

ಬಿಸಿಗಾಳಿ ಒಳಗೆ ಬಂದರೂ ಚಿಂತೆಯಿರಲಿಲ್ಲ, ಆ ವಾಸನೆ ಹೊರಗೆ ಹೋಗುವುದು ನನಗೆ ಬೇಡವಾಗಿತ್ತು. ಅದರಲ್ಲಿ ಮೂರು ವರ್ಷದ ಹಿಂದಿನ ಒಂದು ಸೆಖೆಗಾಲವಿದೆ. ಉಮ್ಮ್ ಸಲಾಲ್‌ನ ಒಂದು ಕೋಣೆಯಿದೆ. ಹಸನಾಕ ಇದ್ದಾರೆ. ನಾನು ಚಿಂತೆಯನ್ನು ಒಂದು ಕಸುಬಿನಂತೆ ಮಾಡಿಕೊಂಡು ಬಂದವನು. ಪಾಸ್‌ಪೋರ್ಟು, ಪ್ರೆಷರು, ಮಗಳ ಪರೀಕ್ಷೆ, ಗ್ಯಾಸಿನ ವಾಲ್ವು, ಯಾವುದನ್ನೂ ಬಿಟ್ಟವನಲ್ಲ. ಆ ಸೆಖೆಗಾಲದಲ್ಲಿ ಮಾತ್ರ ಮಾಡಲೇಬೇಕಾಗಿದ್ದ ಒಂದು ಚಿಂತೆಯನ್ನು ಮಾಡದೆ ಬಿಟ್ಟೆ.

ಹಸನಬ್ಬ ಎಂಬುದು ಅವರ ಪೂರ್ತಿ ಹೆಸರು. ಉಳ್ಳಾಲದ ಕಡೆಯ ಬ್ಯಾರಿಗಳು. ದೊಡ್ಡ ಕಟ್ಟಡಗಳ ಚಾವಣಿಯಲ್ಲಿ ಸ್ಪೀಕರುಗಳಿರುತ್ತವಲ್ಲ, ಬೆಂಕಿ ಬಿದ್ದರೆ ಹೊರಗೆ ಓಡಿ ಎಂದು ಕೂಗುವಂಥವು, ಅವನ್ನು ಮಹಡಿ ಮಹಡಿಯಲ್ಲಿ ನಿಂತು ಕಿವಿಗೊಟ್ಟು ಪರೀಕ್ಷಿಸುವುದು ಅವರ ಕೆಲಸ. ನಾನು ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ಬೇರೆಯವರು ಬರೆದ ಕಾಗದಗಳಲ್ಲಿ ತಪ್ಪು ಹುಡುಕುವವನು. ಒಂದು ಬೆಳಿಗ್ಗೆ ನಮ್ಮ ಆಫೀಸಿನ ಚಾವಣಿಯಿಂದ “ಒಂದು, ಎರಡು, ಮೂರು, ನಾಲ್ಕು” ಎಂದು ಅಚ್ಚ ಕನ್ನಡ ಉದುರಿತು. ಯಾರೂ ತಲೆಯೆತ್ತಲಿಲ್ಲ. ನಾನು ಮೆಟ್ಟಿಲು ಹಾರಿ ಕೆಳಗಿನ ಕಂಟ್ರೋಲ್ ರೂಮಿಗೆ ಓಡಿದೆ. ಬಿಳಿ ಗಡ್ಡದವರೊಬ್ಬರು ಮೈಕು ಹಿಡಿದು ಕೂತಿದ್ದರು.

“ನೀವು ಪೊರ್ಬುಗಳಾ?” ಎಂದರು, ನನ್ನ ಕುತ್ತಿಗೆಯ ಶಿಲುಬೆ ನೋಡಿ. ನಮ್ಮ ಕಡೆ ಕ್ರೈಸ್ತರನ್ನು ಕರೆಯುವುದು ಹಾಗೆ.

“ಹೌದು. ಕನ್ನಡ ಕೇಳಿ ಓಡಿ ಬಂದೆ.”

“ಬೆವರು ನೋಡಿದರೆ ಬೆಂಕಿ ಬಿದ್ದಿತು ಅಂತ ಓಡಿ ಬಂದ ಹಾಗೆ ಉಂಟು.”

ನಿಜ ಹೇಳಬೇಕೆಂದರೆ ಎರಡೂ ಇತ್ತು. ಅಂದಿನಿಂದ ನಾನು ಅವರಿಗೆ ‘ಪೊರ್ಬುಗಳೇ’, ಅವರು ನನಗೆ ‘ಹಸನಾಕ’.

ಆ ವರ್ಷ ಅವರಿಗೆ ಅರುವತ್ತು ತುಂಬಿತ್ತು. ಡಿಸೆಂಬರಿಗೆ ಖಲಾಸ್ ಎಂದು ಕಂಪನಿ ಹೇಳಿಯಾಗಿತ್ತು. ಊರಿನಲ್ಲಿ ಮಗಳ ಮನೆಯಲ್ಲಿ ಅವರಿಗೊಂದು ಕೋಣೆ ಇತ್ತು, ಮೊಮ್ಮಕ್ಕಳಿದ್ದರು, ಬಾಗಿಲಿಗೇ ಮೀನು ಬರುತ್ತಿತ್ತು. “ಎಲ್ಲ ಉಂಟು. ಕೈಗೆ ಕೆಲಸ ಇಲ್ಲ. ನನ್ನನ್ನು ಸೋಫಾದಲ್ಲಿ ಕೂರಿಸಿ ಟೀವಿ ಹಾಕ್ತಾರೆ ಪೊರ್ಬುಗಳೇ. ಆ ಟೀವಿಯ ಸ್ಪೀಕರ್ ಸರಿ ಇಲ್ಲ ಅಂತ ನನಗೆ ಗೊತ್ತಾಗ್ತದೆ. ಬಿಚ್ಚಲಿಕ್ಕೆ ಬಿಡುದಿಲ್ಲ.”

ಅವರಿಗೆ ಉಳಿದಿದ್ದ ಒಂದೇ ದಾರಿ ಅಬೂ ಸಾಲೆಂ. ಉಮ್ಮ್ ಸಲಾಲ್‌ನ ಈ ಹಿರಿಯ ಕತಾರಿಗೆ ಹಳೆಯ ವಸ್ತುಗಳ ಹುಚ್ಚು. ಮನೆಯ ಪಕ್ಕದ ಉದ್ದ ಕೋಣೆಯ ತುಂಬ ಮುತ್ತಿನ ತಕ್ಕಡಿ, ಗ್ರಾಮೋಫೋನು, ದೋಣಿಯ ದೀಪ. ಹಿಂದೊಮ್ಮೆ ಹಸನಾಕ ಅವರ ಟ್ರಾನ್ಸಿಸ್ಟರ್ ಸರಿಮಾಡಿಕೊಟ್ಟಿದ್ದರಂತೆ, ಆ ಪರಿಚಯ. ಅಬೂ ಸಾಲೆಂ ವಿದೇಶದ ಯಾವುದೋ ಹರಾಜಿನಿಂದ ನೂರು ವರ್ಷ ಹಳೆಯ ರೇಡಿಯೋಗಳನ್ನು ತರಿಸಿದ್ದರು. ಚಳಿ ಶುರುವಾದ ಮೇಲೆ ಸ್ನೇಹಿತರನ್ನು ಮಜ್ಲಿಸ್‌ಗೆ, ಮನೆಯ ಬೈಠಕ್ಕಿಗೆ, ಕರೆಯುವ ದಿನ ಅವುಗಳಲ್ಲಿ ಒಂದು ಮಾತಾಡಬೇಕು. ಮಾತಾಡಿದರೆ ಹಸನಾಕನನ್ನು ತನ್ನ ಲೆಕ್ಕದಲ್ಲಿ ಇಲ್ಲೇ ಇಟ್ಟುಕೊಂಡು ಎಲ್ಲ ರೇಡಿಯೋಗಳನ್ನು ಒಪ್ಪಿಸುತ್ತೇನೆ ಎಂದಿದ್ದರು. ಪ್ರತಿ ವಸ್ತುವಿನ ಮುಂದೆ ಇಂಗ್ಲಿಷಿನಲ್ಲಿ ವಿವರದ ಕಾರ್ಡು ಬೇಕಿತ್ತು. “ತಪ್ಪಿಲ್ಲದೆ ಬರೆಯುವವರು ಒಬ್ಬರಿದ್ದಾರೆ,” ಎಂದು ಹಸನಾಕ ನನ್ನ ಹೆಸರು ಹೇಳಿದ್ದರು.

ಹಾಗಾಗಿ ಜುಲೈನಿಂದ ಪ್ರತಿ ಶುಕ್ರವಾರ ನಾನು ಇಗರ್ಜಿಯ ಬೆಳಗಿನ ಪೂಜೆ ಮುಗಿಸಿ, ಇಂಡಸ್ಟ್ರಿಯಲ್ ಏರಿಯಾದ ಹತ್ತಿರದ ಬರ್ವಾ ಅಲ್ ಬರಾಹಾದ ಕಾರ್ಮಿಕರ ವಸತಿಗೆ ಹೋಗಿ, ಅಲ್ಲಿನ ಗೇಟಿನ ನೆರಳಲ್ಲಿ ಟಿಫಿನ್ ಡಬ್ಬಿ ಹಿಡಿದು ನಿಂತಿರುತ್ತಿದ್ದ ಹಸನಾಕನನ್ನು ಕಾರಿಗೆ ಹತ್ತಿಸಿಕೊಂಡು, ಊರಿನ ಇನ್ನೊಂದು ತುದಿಯ ಉಮ್ಮ್ ಸಲಾಲ್‌ಗೆ ಓಡಿಸುತ್ತಿದ್ದೆ. ಆ ಸಲದ ಸೆಖೆ ಕೆಟ್ಟದಾಗಿತ್ತು. ಕಾರಿನಿಂದ ಇಳಿದೊಡನೆ ಕನ್ನಡಕ ಮಂಜಾಗಿ, ಗೇಟು ಎಲ್ಲಿ ಎಂದು ಕೈಯಿಂದ ತಡವಬೇಕು. ಟೈರು ಒಡೆದೀತು ಎಂದು ನಾನು ಎಂಬತ್ತರ ಮೇಲೆ ಹೋಗುತ್ತಿರಲಿಲ್ಲ. “ಈ ಸ್ಪೀಡಿನಲ್ಲಿ ಉಳ್ಳಾಲಕ್ಕೇ ಹೋಗಬಹುದಿತ್ತು,” ಎನ್ನುತ್ತಿದ್ದರು ಹಸನಾಕ.

ಅಬೂ ಸಾಲೆಂ ರೇಡಿಯೋ ಸಾಮಾನುಗಳನ್ನೆಲ್ಲ ಕಾಲಕ್ರಮದಲ್ಲಿ ಸಾಲಾಗಿ ಇಡಿಸಿದ್ದರು, ನನಗೆ ಕಾರ್ಡು ಬರೆಯಲು ಸುಲಭವಾಗಲೆಂದು. ಮೊದಲಿಗೆ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು. ಮನೆಗೆ ರೇಡಿಯೋ ಬಂದ ಕಾಲದಲ್ಲಿ ಅದರ ಸ್ವರ ಕೇಳುತ್ತಿದ್ದುದು ಒಬ್ಬರಿಗೆ ಮಾತ್ರ. ಮನೆಯವರೆಲ್ಲ ಕೇಳಬೇಕೆಂದರೆ ಹೆಡ್‌ಫೋನನ್ನು ಒಂದು ಪಿಂಗಾಣಿ ಬೋಗುಣಿಯಲ್ಲಿಟ್ಟು ಸುತ್ತ ಕೂರುತ್ತಿದ್ದರಂತೆ. ಇದನ್ನು ಓದಿ ಹೇಳಿದಾಗ ಹಸನಾಕ ನಕ್ಕರು.

“ನಮ್ಮ ರೂಮಿನಲ್ಲಿ ಎಂತ ಮಾಡುದು ಮತ್ತೆ? ಮೊಬೈಲನ್ನು ಸ್ಟೀಲ್ ಲೋಟದಲ್ಲಿ ಇಡುದು. ಆರು ಜನ ಸುತ್ತ ಕೂರುದು. ನೂರು ವರ್ಷ ಆಯ್ತು, ಬೋಗುಣಿ ಹೋಗಿ ಲೋಟ ಬಂತು, ಅಷ್ಟೇ.”

ಆಮೇಲೆ ಯಾರೋ ಹೆಡ್‌ಫೋನಿನ ಬಿಲ್ಲೆಯನ್ನೇ ದೊಡ್ಡದು ಮಾಡಿ ಅದರ ಬಾಯಿಗೆ ಕಹಳೆ ಸಿಕ್ಕಿಸಿದರು. ಅದೇ ಮನೆಯ ರೇಡಿಯೋದ ಮೊದಲ ಲೌಡ್‌ಸ್ಪೀಕರ್. ಆಮೇಲೆ ಕಹಳೆ ಹೋಗಿ ಕಾಗದದ ಕೋನು ಬಂತು. ಅದೂ ಹೋಗಿ, ತಂತಿಯ ಸುರುಳಿಯೇ ಕುಣಿಯುವ, ರೇಡಿಯೋ ಪೆಟ್ಟಿಗೆಯ ಒಳಗೇ ಕೂರುವ ಸ್ಪೀಕರ್ ಬಂತು. ಅಬೂ ಸಾಲೆಂಗೆ ಮನಸ್ಸಿದ್ದದ್ದು ಕಹಳೆಯ ಮೇಲೆ. ಕಪ್ಪಗೆ, ಬಾತುಕೋಳಿಯ ಕುತ್ತಿಗೆಯಂತೆ ಬಾಗಿ, ನಮ್ಮನ್ನೆಲ್ಲ ಮೇಲಿನಿಂದ ನೋಡುವಂತಿತ್ತು.

ಹಸನಾಕ ಅದರ ಬುಡ ಬಿಚ್ಚಿ ತೋರಿಸಿದರು. “ಇಲ್ಲಿ ಅಯಸ್ಕಾಂತ. ಎದುರಿಗೆ ಈ ತೆಳು ಕಬ್ಬಿಣದ ಬಿಲ್ಲೆ. ಅಯಸ್ಕಾಂತ ಬಿಲ್ಲೆಯನ್ನು ಹಿಡಕೊಂಡೇ ಇರ್ತದೆ. ಪೂರ್ತಿ ಎಳೆಯುದೂ ಇಲ್ಲ, ಬಿಡುದೂ ಇಲ್ಲ. ರೇಡಿಯೋದ ಕರೆಂಟು ಬಂದು ಆ ಹಿಡಿತವನ್ನು ಸ್ವಲ್ಪ ಅಲ್ಲಾಡಿಸಿದರೆ ಬಿಲ್ಲೆ ನಡುಗ್ತದೆ. ಆ ನಡುಗುದೇ ಸ್ವರ.”

“ಮದುವೆಯ ಹಾಗೆ,” ಎಂದೆ.

“ನಿಮ್ಮ ಮನೆಯಲ್ಲಿ ನಡುಗುದು ಯಾರು ಅಂತ ಗೊತ್ತುಂಟು ಬಿಡಿ.”

ಆಗಸ್ಟಿನ ಎರಡನೇ ಶುಕ್ರವಾರ ಕಹಳೆ ಮಾತಾಡಿತು. ಮೊದಲು ಮರಳು ಸುರಿದಂಥ ಸದ್ದು, ಅದರೊಳಗಿನಿಂದ ಅರಬ್ಬಿಯಲ್ಲಿ ವಾರ್ತೆ ಓದುವ ಗಂಡಸಿನ ಸ್ವರ. ಮೂಗಿನಲ್ಲೇ ಬರುವಂಥ, ಬಾವಿಯ ಆಳದ ಸ್ವರ. ಎಂಬತ್ತು ದಾಟಿದ ಅಬೂ ಸಾಲೆಂ ಕಹಳೆಯ ಬಾಯಿಗೆ ಕಿವಿಯಿಟ್ಟು ಕಣ್ಣುಮುಚ್ಚಿದರು. ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಹಾಗೆಂದು ಮಕ್ಕಳು ಹೇಳಿದರೆ ಸಿಟ್ಟು ಬರುತ್ತಿತ್ತು.

ಹಸನಾಕನದ್ದು ಒಂದು ಕ್ರಮವಿತ್ತು. ಯಾವ ಸ್ಪೀಕರಾದರೂ ಅದಕ್ಕೆ ಬೆನ್ನು ಹಾಕಿ ನಡೆಯುವುದು. ಮಾತು ಬಿಡಿಬಿಡಿಯಾಗಿ ಎಲ್ಲಿವರೆಗೆ ಅರ್ಥವಾಗುತ್ತದೋ ಅಲ್ಲಿವರೆಗೆ ನೆಲದ ಕಲ್ಲು ಎಣಿಸುವುದು. ಬೆಂಕಿಯ ಸ್ಪೀಕರುಗಳಿಗೂ ಹಾಗೆಯೇ ಮಾಡುತ್ತಿದ್ದರು. ಅವರ ಕೈಯ ಮೀಟರಿಗಿಂತ ಕಾಲಕೆಳಗಿನ ಕಲ್ಲಿನ ಮೇಲೆ ಅವರಿಗೆ ನಂಬಿಕೆ. ಅಂದು ಕೋಣೆ ದಾಟಿ ಕಾರಿಡಾರಿನ ತುದಿ ಮುಟ್ಟಿ ಬಾಯಿ ತುಂಬ ನಗುತ್ತ ಕೂಗಿದರು: “ಇಪ್ಪತ್ತೊಂದು! ನನ್ನ ಕಿವಿಯೂ ಪಾಸು, ಕಹಳೆಯೂ ಪಾಸು!” ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮುಂದಿನ ಶುಕ್ರವಾರ ಅವರು ಜುಮ್ಮಾ ನಮಾಜಿಗೆ ಹೋದಾಗ ನಾನೊಬ್ಬನೇ ಕೋಣೆಯಲ್ಲಿದ್ದೆ. ಪಕ್ಕದ ಮಸೀದಿಯ ಸ್ಪೀಕರಿನಿಂದ ಖುತುಬಾ ಪ್ರವಚನ ಗೋಡೆ ದಾಟಿ ಬರುತ್ತಿತ್ತು. ಕಾರ್ಡಿಗೆ ಅಳತೆ ಬೇಕೆಂದು ರೇಡಿಯೋ ಪೆಟ್ಟಿಗೆಯ ಹಿಂದೆ, ಗೋಡೆಯ ಸಂದಿಯಲ್ಲಿ ಮೊಬೈಲ್ ಟಾರ್ಚು ಬಿಟ್ಟೆ. ಕಹಳೆಯ ಎರಡು ತಂತಿಗಳು ಬೆರಳಗಲದ ಅಂತರದ ಎರಡು ತಿರುಪುಗಳಿಗೆ ಸಿಕ್ಕಿದ್ದವು. ಹಳತಾಗಿ ಎರಡೂ ಒಂದೇ ಕಂದು ಬಣ್ಣ. ಒಂದಕ್ಕೆ ಮಾತ್ರ ಹಸನಾಕ ಕೆಂಪು ದಾರದ ಗಂಟು ಹಾಕಿದ್ದರು. ತಿರುಪಿನ ಪಕ್ಕ ಮಾಸಿದ ಗುರುತು: ಕೆಂಪು ದಾರ ಇದ್ದದ್ದು ಮೈನಸ್ಸಿಗೆ.

ಕೆಂಪು ಎಂದರೆ ಪ್ಲಸ್. ಮಕ್ಕಳಿಗೂ ಗೊತ್ತು. ಪಾಪ, ಅರುವತ್ತರ ಕಣ್ಣು, ಕತ್ತಲ ಸಂದಿ, ತಪ್ಪಿದೆ. ಅಬೂ ಸಾಲೆಂ ಮಕ್ಕಳಲ್ಲಿ ಯಾರಾದರೂ ನೋಡಿದರೆ? ಮುದುಕನಿಗೆ ಕೆಲಸ ಬರುವುದಿಲ್ಲ ಎಂದರೆ? ಹೇಳಿದರೆ ಅವರಿಗೂ ಅವಮಾನ. ಹೇಳದೆ ಸರಿಮಾಡುವುದೇ ಸ್ನೇಹ ಎಂದುಕೊಂಡೆ. ತಿರುಪು ಸಡಿಲಿಸಿ ತಂತಿಗಳನ್ನು ಅದಲುಬದಲು ಮಾಡಿದೆ. ಕೆಂಪು ಪ್ಲಸ್ಸಿಗೆ ಬಂತು. ಫೈಲಿನಲ್ಲಿ ಬೇರೆಯವರ ತಪ್ಪನ್ನು ಸದ್ದಿಲ್ಲದೆ ತಿದ್ದಿದಾಗ ಆಗುವಂಥ ಸಣ್ಣ ಸಂತೋಷವೂ ಆಯಿತು.

ನಮಾಜು ಮುಗಿಸಿ ಬಂದು ಹಸನಾಕ ರೇಡಿಯೋ ಹಾಕಿದರು. ಮಾತಾಡಿತು. ಇಪ್ಪತ್ತೊಂದು ಕಲ್ಲು. ನನಗೆ ಸಮಾಧಾನ. ಅಬೂ ಸಾಲೆಂ ಅಂದಿನಿಂದ ದಿನವೂ ಸಂಜೆ ಅದನ್ನು ಹಾಕಿ ಎದುರು ಕೂರತೊಡಗಿದರು, ಮೂರು ಮೂರು ತಾಸು.

ಸೆಪ್ಟೆಂಬರಿನಲ್ಲಿ ಒಂದು ಶುಕ್ರವಾರ ಹಸನಾಕ ಹದಿನೇಳನೇ ಕಲ್ಲಿನಲ್ಲಿ ನಿಂತರು. ತಿರುಗಿ ನನ್ನನ್ನು ನೋಡಿದರು. “ಪೊರ್ಬುಗಳೇ, ನಿಮಗೆ ಕೇಳ್ತದಾ?”

ನಾನು ಅವರ ಪಕ್ಕದಲ್ಲೇ ಇದ್ದೆ. ನನಗೂ ಮಾತು ಮಸುಕಾಗಿತ್ತು. ಆದರೆ ಅವರ ಮುಖ ನೋಡಿ “ಚೆನ್ನಾಗಿ ಕೇಳ್ತದೆ” ಎಂದೆ. ನಮ್ಮೂರಿನವರು ರೋಗಿಯ ಮನೆಗೆ ಹೋದಾಗ ಹೇಳುವ ಮಾತು ಅದು: ಗೆಲುವಾಗಿದ್ದೀರಿ, ಬಣ್ಣ ಬಂದಿದೆ. ಇನ್ನೊಂದು ಕಾರಣವೂ ಇತ್ತು. ಕೆಟ್ಟಿರುವುದು ನನ್ನ ಕಿವಿ ಎಂದೇ ನಾನು ತೀರ್ಮಾನಿಸಿದ್ದೆ. ಜೆಸಿಂತಾಳಿಗೆ ಹೇಳದೆ ಒಂದು ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ಎಡಕಿವಿಯಿಂದ ಗುಗ್ಗೆ ತೆಗೆದು, “ಮನೆಗೆ ಹೋಗಿ ನಿದ್ದೆ ಮಾಡಿ” ಎಂದು ಕಳಿಸಿದರು. ಗುಗ್ಗೆ ಹೋದ ಮೇಲೂ ಕಹಳೆ ಮಸುಕಾಗಿಯೇ ಕೇಳಿತು. ಡಾಕ್ಟರು ಸರಿಯಿಲ್ಲ ಎಂದುಕೊಂಡೆ.

ಹದಿನಾಲ್ಕು. ಹನ್ನೊಂದು. ಪ್ರತಿ ವಾರ ಅದೇ ಪ್ರಶ್ನೆ, ಅದೇ ಉತ್ತರ. ಹಸನಾಕ ರೇಡಿಯೋದ ವಾಲ್ವು ಬದಲಿಸಿದರು, ಕರೆಂಟಿನ ಪೆಟ್ಟಿಗೆ ಅಳೆದರು, ಆ್ಯಂಟೆನಾ ಎತ್ತರಿಸಿದರು. ಎಲ್ಲ ಸರಿಯಿತ್ತು. ಸಂದಿಗೆ ಕೈ ಹಾಕಿ ತಂತಿ ಮುಟ್ಟಿ ನೋಡಿದ್ದನ್ನೂ ಕಂಡೆ. ಬೆರಳಿಗೆ ಗಂಟು ಸಿಕ್ಕಿತು, ಕೈ ಹೊರಗೆ ತೆಗೆದರು. ಅಬೂ ಸಾಲೆಂ ಮಾತ್ರ “ಜೈನ್, ಜೈನ್”, ಚೆನ್ನಾಗಿದೆ ಚೆನ್ನಾಗಿದೆ, ಎಂದು ತಲೆಯಾಡಿಸುತ್ತಿದ್ದರು. ಒಂದು ಸಾಯುತ್ತಿರುವ ಕಹಳೆಯ ಸುತ್ತ ಮೂವರು, ಮೂವರೂ ತಮ್ಮ ಕಿವಿಯನ್ನು ಒಬ್ಬರಿಂದೊಬ್ಬರು ಮುಚ್ಚಿಡುತ್ತ ಕೂತಿದ್ದೆವು.

ಅಕ್ಟೋಬರ್ ಕೊನೆಗೆ ಕಾರಿನಲ್ಲಿ ಅವರು ಹೇಳಿದರು. “ನಾನು ಮಾಡುದು ಎಂತ ಕೆಲಸ? ಬೆಂಕಿ ಬಿದ್ದರೆ ಜನ ಓಡಲಿಕ್ಕೆ ಇರುವ ಸ್ಪೀಕರು. ನನ್ನ ಕಿವಿ ಸರಿ ಇಲ್ಲದಿದ್ದರೆ ನಾನು ಪಾಸು ಹಾಕಿದ್ದೆಲ್ಲ ಎಂತ ಆಯ್ತು?”

“ಹಾಗೆಲ್ಲ ಏನಿಲ್ಲ ಹಸನಾಕ.”

“ನಿಮಗೆ ಕೇಳ್ತದೆ. ನನಗೆ ಕೇಳುದಿಲ್ಲ. ಮತ್ತೆ ಎಂತ ಇರುದು?”

ಮರುದಿನವೇ ಅವರು ತಮ್ಮ ಮ್ಯಾನೇಜರಿಗೆ ಹೇಳಿ, ಆ ವರ್ಷ ತಾವು ನೋಡಿದ ಕಟ್ಟಡಗಳನ್ನೆಲ್ಲ ಬೇರೆಯವರಿಂದ ಇನ್ನೊಮ್ಮೆ ಪರೀಕ್ಷೆ ಮಾಡಿಸಿದರು. ಎಲ್ಲವೂ ಸರಿಯಿದ್ದವು. ಅದೂ ಅವರಿಗೆ ಧೈರ್ಯ ಕೊಡಲಿಲ್ಲ.

ನವೆಂಬರಿನಲ್ಲಿ ಮಜ್ಲಿಸ್ ಸೇರಿತು. ಹೊರಗೆ ಹಿತವಾದ ಗಾಳಿ, ಒಳಗೆ ಹತ್ತಿಪ್ಪತ್ತು ಹಿರಿಯರು, ಗಾವಾ ಕಾಫಿ, ಖರ್ಜೂರ. ಕಹಳೆ ಪಿಸುಗುಟ್ಟಿತು, ಅಷ್ಟೇ. ಒಬ್ಬೊಬ್ಬರೇ ಬಗ್ಗಿ ಕಿವಿಯಿಟ್ಟು, ಮಾಶಾ ಅಲ್ಲಾ ಎಂದು, ಮರಳಿ ತಮ್ಮ ಮಾತಿಗೆ ಹೋದರು. ಕೊನೆಗೆ ಅಬೂ ಸಾಲೆಂ ಹಸನಾಕನ ಭುಜ ಹಿಡಿದು, “ಸ್ವರ ಕಡಿಮೆ, ಪರವಾಗಿಲ್ಲ, ಅದಕ್ಕೂ ವಯಸ್ಸಾಯಿತು. ಯಲ್ಲಾ, ಜನವರಿಯಿಂದ ಇಲ್ಲಿಗೇ ಬಾ,” ಎಂದರು.

ಹಸನಾಕ ಕೈ ಎದೆಗಿಟ್ಟು ಹೇಳಿದರು: “ಇಲ್ಲ ಬಾಬಾ. ಕಿವಿ ಮಾಫಿ. ಖಲಾಸ್.” ಕಿವಿ ಇಲ್ಲ, ಮುಗಿಯಿತು.

ಕಿವಿ ಕೇಳದವನು ಸ್ವರದ ಕೆಲಸಕ್ಕೆ ಕೈ ಹಾಕಬಾರದು ಎಂದು ಆಮೇಲೆ ನನಗೆ ಹೇಳಿದರು.

ಕಹಳೆಯ ಕಾರ್ಡೊಂದು ಬಾಕಿಯಿತ್ತು. ಅದಕ್ಕೆಂದು ಜುಲೈನಲ್ಲೇ ನಾನು ರೇಡಿಯೋದ ಮುಚ್ಚಳದ ಒಳಗೆ ಅಂಟಿಸಿದ್ದ ಸೂಚನೆಯ ಹಾಳೆಯ ಫೋಟೋ ತೆಗೆದಿದ್ದೆ. ಓದಿರಲಿಲ್ಲ, ಸರದಿ ಬಂದಾಗ ಓದುವ ಅಭ್ಯಾಸ. ಮಜ್ಲಿಸ್ ಮುಗಿದು ನಾಲ್ಕು ದಿನಕ್ಕೆ, ಆಫೀಸಿನ ಊಟದ ವಿರಾಮದಲ್ಲಿ ಓದಿದೆ. ಈ ರೇಡಿಯೋದ ಕರೆಂಟು ಕಹಳೆಯ ಸುರುಳಿಯೊಳಗೇ ಹರಿಯುವುದರಿಂದ ತಂತಿಗಳನ್ನು ಗುರುತು ನೋಡಿಯೇ ಜೋಡಿಸಬೇಕು. ತಿರುಗಿಸಿ ಜೋಡಿಸಿದರೆ ಮೊದಲಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಆದರೆ ಕರೆಂಟು ಅಯಸ್ಕಾಂತದ ವಿರುದ್ಧ ಕೆಲಸ ಮಾಡಿ ಕೆಲವು ವಾರಗಳಲ್ಲಿ ಅದರ ಶಕ್ತಿ ಕುಂದಿಸುತ್ತದೆ. ಹಾಗಾದಲ್ಲಿ ಅಯಸ್ಕಾಂತಕ್ಕೆ ಮರಳಿ ಶಕ್ತಿ ತುಂಬಿಸಬಹುದು, ಬಲ್ಲವರಿಗೆ ಅರ್ಧ ತಾಸಿನ ಕೆಲಸ.

ಅನ್ನದ ಡಬ್ಬಿ ಮುಚ್ಚಿದೆ.

ಹಸನಾಕನ ಟಿಕೆಟಿಗೆ ಇನ್ನು ಹತ್ತು ದಿನವಿತ್ತು. ಹೇಳಬೇಕಾದದ್ದು ಒಂದು ವಾಕ್ಯ: ಕೆಟ್ಟದ್ದು ನಿಮ್ಮ ಕಿವಿಯಲ್ಲ, ಕೆಡಿಸಿದ್ದು ನಾನು. ಆ ಹತ್ತು ದಿನ ನಾನು ಮಾಡಿದ ಚಿಂತೆಗಳ ಪಟ್ಟಿ ಬೇಕಾದರೆ ಕೊಡಬಲ್ಲೆ. ಕತಾರಿಯ ಅಪರೂಪದ ವಸ್ತು ಹಾಳುಮಾಡಿದವನು ಎಂದು ನನ್ನ ಆಫೀಸಿಗೆ ತಿಳಿದರೆ? ನನ್ನ ವೀಸಾ ಹೋದರೆ ಮಗಳ ಹನ್ನೆರಡನೇ ತರಗತಿ? ಅಬೂ ಸಾಲೆಂಗೆ ಹೃದಯದ ತೊಂದರೆಯಿದೆಯಂತೆ, ಸಿಟ್ಟಿನಲ್ಲಿ ಏನಾದರೂ ಆದರೆ? ನಾಳೆ ಹೇಳೋಣ, ಶುಕ್ರವಾರ ಹೇಳೋಣ, ಏರ್‌ಪೋರ್ಟಿನ ದಾರಿಯಲ್ಲಿ ಹೇಳೋಣ.

ಏರ್‌ಪೋರ್ಟಿನ ದಾರಿಯಲ್ಲಿ ಕೇಳಿದೆ. “ಹಸನಾಕ, ಆ ಕೆಂಪು ದಾರ ಕಟ್ಟುವುದು ಪ್ಲಸ್ಸಿಗಾ, ಮೈನಸ್ಸಿಗಾ?”

“ಎಂತ ಪ್ಲಸ್ಸು ಮೈನಸ್ಸು? ಬಂದರಿನಲ್ಲಿ ನನ್ನ ಉಸ್ತಾದರ ರೇಡಿಯೋ ಅಂಗಡಿಯಲ್ಲಿ ಕಲಿತದ್ದು ಅದು. ನೋಡಿ ಆಯ್ತು, ಸರಿ ಉಂಟು, ಇನ್ನು ಕೈ ಹಾಕಬೇಡಿ ಅಂತ ಅರ್ಥ. ಯಾವ ತಂತಿಗೂ ಕಟ್ಟಬಹುದು. ಗಂಟು ಇದ್ದರೆ ಖಲಾಸ್, ಯಾರೂ ಮುಟ್ಟುದಿಲ್ಲ.” ಆಮೇಲೆ, “ಯಾಕೆ ಕೇಳಿದ್ದು?” ಎಂದರು.

“ಕಾರ್ಡಿಗೆ,” ಎಂದೆ.

“ಅದನ್ನೆಲ್ಲ ಬರೀಬೇಡಿ ಮಾರಾಯ್ರೆ. ನಗ್ತಾರೆ.”

ಅಂದು ಎಂಬತ್ತರ ಮೇಲೆ ಹೋದೆ. ಇಳಿಸಿ, ಬ್ಯಾಗು ಕೊಟ್ಟು, ಗಾಜಿನ ಬಾಗಿಲು ಮುಚ್ಚುವವರೆಗೆ ಕೈಬೀಸಿದೆ.

ಮೊನ್ನೆ ಏಸಿ ಸರಿಯಾಗಿ, ರಿಪೇರಿಯವನು ಹೋದ ಮೇಲೂ ವಾಸನೆ ಮನೆಯಲ್ಲೇ ಇತ್ತು. ಆ ಧೈರ್ಯದಲ್ಲಿ ಫೋನು ಮಾಡಿದೆ. ಹಸನಾಕ ಮೊದಲ ರಿಂಗಿಗೇ ಎತ್ತಿದರು.

“ಪೊರ್ಬುಗಳೇ! ಮೆಲ್ಲ ಮಾತಾಡಿ. ಮಗಳಿಗೆ ಹೇಳಿ ಕಿವಿಗೆ ಮೆಷಿನು ಹಾಕಿಸಿಕೊಂಡಿದ್ದೇನೆ. ಎಲ್ಲ ಬೊಬ್ಬೆ ಹೊಡೆದ ಹಾಗೆ ಕೇಳ್ತದೆ. ಸಾಸಿವೆ ಸಿಡಿದರೆ ಬೆಡಿ ಬಿಟ್ಟ ಹಾಗೆ.”

“ಡಾಕ್ಟರು ಏನು ಹೇಳಿದರು?”

“ಡಾಕ್ಟರು ನಿಮ್ಮ ಕಿವಿಗೆ ಏನೂ ಆಗಲಿಲ್ಲ, ವಯಸ್ಸಿಗೆ ಸರಿಯಾಗಿ ಉಂಟು ಅಂದರು. ಬೇಡ ಅಂದರೂ ನಾನೇ ಹಠ ಮಾಡಿ ಹಾಕಿಸಿದ್ದು. ಅವರು ಪರೀಕ್ಷೆ ಮಾಡಿದ ಮೆಷಿನು ನಿನ್ನೆ ಮೊನ್ನೆಯದ್ದು. ಕಹಳೆ ನೂರು ವರ್ಷದ್ದು. ಅದು ಸುಳ್ಳು ಹೇಳುದಿಲ್ಲ.” ಮುಂದುವರಿಸಿದರು: “ಮತ್ತೆ ನೀವು ಪಕ್ಕದಲ್ಲೇ ನಿಂತು ಹೇಳಿದ್ದಲ್ವಾ, ಚೆನ್ನಾಗಿ ಕೇಳ್ತದೆ ಅಂತ. ನೀವೂ ಸುಳ್ಳು ಹೇಳುವ ಜನ ಅಲ್ಲ.”

ಆಮೇಲೆ ನನ್ನ ಮಗಳ ಕಾಲೇಜಿನ ಪರೀಕ್ಷೆ ಏನಾಯಿತು, ಸೆಖೆ ಹೇಗಿದೆ ಎಂದು ಕೇಳಿದರು. ಹೇಳಿದೆ. ಅಷ್ಟನ್ನೇ. ಫೋನಿಟ್ಟೆ.

ನಿನ್ನೆ ಶುಕ್ರವಾರ. ಪೂಜೆ ಮುಗಿಸಿ ಉಮ್ಮ್ ಸಲಾಲ್‌ಗೆ ಹೋದೆ. ಅಬೂ ಸಾಲೆಂ ಈಗ ಹಾಸಿಗೆ ಹಿಡಿದಿದ್ದಾರೆ. ಮಗ ಕೋಣೆಯ ಬೀಗ ತೆಗೆದು, ಲೈಟು ಹಾಕಿ ಹೋದ. ಕಹಳೆಯ ಮೇಲೆ ತೆಳುವಾಗಿ ಮರಳಿನ ಧೂಳು. ಸಂದಿಗೆ ಕೈ ಹಾಕಿದೆ. ಬೆರಳಿಗೆ ದಾರದ ಗಂಟು ಸಿಕ್ಕಿತು. ಬಿಗಿಯಾಗಿಯೇ ಇತ್ತು. ಕೈ ಹೊರಗೆ ತೆಗೆದೆ.

ಕಹಳೆಯ ಮುಂದೆ ನಾನು ಬರೆದ ಕಾರ್ಡು ನಿಂತಿದೆ. ಕೊನೆಯ ಸಾಲಿನಲ್ಲಿ, ಈ ತಂತಿಗಳನ್ನು ತಿರುಗಿಸಿ ಜೋಡಿಸಿದರೆ ಸ್ವರ ನಿಧಾನವಾಗಿ ಕುಂದುತ್ತದೆ ಎಂದಿದೆ. ಅಕ್ಷರ ಅಕ್ಷರ ಓದಿದೆ. ಒಂದು ತಪ್ಪೂ ಇಲ್ಲ.